ಪಿಟ್ಯುಟರಿ ಗ್ರಂಥಿ: ಕೋಲಾರ ಸೀಮೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರಥಮ ಪಿಯುಸಿ ಜೀವಶಾಸ್ತ್ರದಲ್ಲಿ ಪಿಟ್ಯುಟರಿ ಗ್ರಂಥಿಗೆ ಸಿಗುವುದು ಒಂದೆರಡು ಪುಟ ಮಾತ್ರ. ಹಾರ್ಮೋನುಗಳ ಹೆಸರನ್ನು ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಮೇಲೆ ಮರೆತುಬಿಡುವವರೇ ಹೆಚ್ಚು. ಕೋಲಾರ ಜಿಲ್ಲೆಯಲ್ಲಿ ಈ ಪಾಠ ಹೇಳುವ ನನಗೆ ಎರಡು ಬಗೆಯ ಪ್ರಶ್ನೆಗಳು ಬರುತ್ತವೆ. ವಿದ್ಯಾರ್ಥಿಗಳು ಅಂಕಕ್ಕಾಗಿ ಕೇಳುತ್ತಾರೆ. ಅವರ ಮನೆಯವರು ಹಸುವಿಗೆ ಚುಚ್ಚುವ ಇಂಜೆಕ್ಷನ್, ಹಾವಿನ ಕಡಿತ, ಹೆರಿಗೆಯ ನಂತರ ಹೋಗದ ಸುಸ್ತು, ಮಗನ ಎತ್ತರ ಇವುಗಳ ಬಗ್ಗೆ ಕೇಳುತ್ತಾರೆ. ಎರಡೂ ಬಗೆಯ ಪ್ರಶ್ನೆಗಳಿಗೆ ಉತ್ತರ ಸಿಗುವುದು ಒಂದೇ ಕಡೆ: ಈ ಗ್ರಂಥಿ ಭ್ರೂಣದಲ್ಲಿ ಹುಟ್ಟುವ ರೀತಿಯಲ್ಲಿ ಮತ್ತು ಅದಕ್ಕೆ ರಕ್ತ ಬರುವ ದಾರಿಯಲ್ಲಿ. ಆದ್ದರಿಂದ ಆ ಎರಡಕ್ಕೆ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇನೆ. ನಾನು ಅಧ್ಯಾಪಕಿ, ವೈದ್ಯೆಯಲ್ಲ. ಔಷಧ ಮತ್ತು ಅದರ ಪ್ರಮಾಣವನ್ನು ನಿರ್ಧರಿಸಬೇಕಾದವರು ವೈದ್ಯರು.

ಈ ಗ್ರಂಥಿ ತಲೆಯಲ್ಲಿ ಎಲ್ಲಿದೆ? ಎಷ್ಟು ದೊಡ್ಡದು?

ಮೂಗಿನ ಬುಡದಿಂದ ನೇರವಾಗಿ ಹಿಂದಕ್ಕೆ ಹೋದರೆ, ಹೆಚ್ಚುಕಡಿಮೆ ತಲೆಯ ನಡುಭಾಗದಲ್ಲಿ, ಮಿದುಳಿನ ತಳಕ್ಕೆ ಅಂಟಿಕೊಂಡಿದೆ. ಗಾತ್ರ ಕಡಲೆಕಾಳಿನಷ್ಟು, ತೂಕ ಸುಮಾರು ಅರ್ಧ ಗ್ರಾಂ. ತಲೆಬುರುಡೆಯ ತಳದ ಸ್ಫೀನಾಯ್ಡ್ ಮೂಳೆಯಲ್ಲಿರುವ ಸೆಲ್ಲಾ ಟರ್ಸಿಕಾ ಎಂಬ ಕುಳಿಯಲ್ಲಿ ಅದು ಕುಳಿತಿರುತ್ತದೆ. ತೆಳುವಾದ ಒಂದು ತೊಟ್ಟು ಅದನ್ನು ಮೇಲಿರುವ ಹೈಪೋಥಲಾಮಸ್ ಎಂಬ ಮಿದುಳಿನ ಭಾಗಕ್ಕೆ ಸೇರಿಸುತ್ತದೆ.

ಅದರ ಅಕ್ಕಪಕ್ಕ ಏನಿದೆ ಎಂಬುದನ್ನು ಈಗಲೇ ಗಮನಿಸಿ, ಮುಂದೆ ಬೇಕಾಗುತ್ತದೆ. ಸ್ವಲ್ಪ ಮೇಲೆ ಎರಡು ಕಣ್ಣುಗಳ ನರಗಳು ಪರಸ್ಪರ ಕೂಡುವ ಜಾಗವಿದೆ. ಎಡಬಲಗಳಲ್ಲಿ ಮಿದುಳಿಗೆ ರಕ್ತ ಒಯ್ಯುವ ದೊಡ್ಡ ಅಪಧಮನಿ ಮತ್ತು ಕಣ್ಣುಗುಡ್ಡೆಯನ್ನು ತಿರುಗಿಸುವ ನರಗಳಿವೆ. ಕೆಳಗೆ ತೆಳುವಾದ ಮೂಳೆ, ಅದರಡಿ ಮೂಗಿಗೆ ಸೇರಿದ ಗಾಳಿ ತುಂಬಿದ ಟೊಳ್ಳು ಜಾಗ.

ಒಂದೇ ಗ್ರಂಥಿಗೆ ಎರಡು ಹುಟ್ಟು ಎನ್ನುತ್ತಾರೆ. ಹಾಗೆಂದರೇನು?

ಇಡೀ ವಿಷಯದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದು.

ಗರ್ಭ ನಿಂತು ನಾಲ್ಕನೇ ವಾರದಲ್ಲಿ ಭ್ರೂಣಕ್ಕೆ ಇನ್ನೂ ಮುಖವೆಂಬುದು ಇರುವುದಿಲ್ಲ. ಬಾಯಿ ಬರಬೇಕಾದ ಕಡೆ ಒಂದು ಸಣ್ಣ ತಗ್ಗು ಮಾತ್ರ ಇರುತ್ತದೆ. ಆ ತಗ್ಗಿನ ಮೇಲ್ಛಾವಣಿಯ ಹೊದಿಕೆ ಮೇಲ್ಮುಖವಾಗಿ ಒಳಸರಿದು ಒಂದು ಚೀಲವಾಗುತ್ತದೆ. 1838ರಲ್ಲಿ ಇದನ್ನು ವಿವರಿಸಿದ ಜರ್ಮನ್ ವಿಜ್ಞಾನಿ ಮಾರ್ಟಿನ್ ರಾತ್ಕೆಯ ಹೆಸರಿನಿಂದ ಇದಕ್ಕೆ ರಾತ್ಕೆ ಚೀಲ ಎನ್ನುತ್ತಾರೆ. ಅದೇ ಹೊತ್ತಿನಲ್ಲಿ ಮೇಲಿನಿಂದ, ರೂಪುಗೊಳ್ಳುತ್ತಿರುವ ಮಿದುಳಿನ ತಳಭಾಗ ಕೆಳಮುಖವಾಗಿ ಚಾಚಿಕೊಳ್ಳುತ್ತದೆ. ಬಾಯಿಯ ಕಡೆಯಿಂದ ಏರಿದ ಚೀಲವೂ ಮಿದುಳಿನಿಂದ ಇಳಿದ ಮೊಳಕೆಯೂ ಒಂದಕ್ಕೊಂದು ತಾಗುತ್ತವೆ. ಎರಡನೇ ತಿಂಗಳು ಮುಗಿಯುವಷ್ಟರಲ್ಲಿ ಚೀಲ ಬಾಯಿಯ ಸಂಬಂಧವನ್ನು ಕಡಿದುಕೊಂಡು ಮಿದುಳಿನ ಭಾಗಕ್ಕೆ ಅಂಟಿ ನಿಲ್ಲುತ್ತದೆ. ಬಾಯಿಗೂ ಚೀಲಕ್ಕೂ ನಡುವೆ ಸ್ಫೀನಾಯ್ಡ್ ಮೂಳೆ ಬೆಳೆದು ಹಳೆಯ ದಾರಿಯನ್ನು ಮುಚ್ಚುತ್ತದೆ.

ಚೀಲದ ಮುಂದಿನ ಗೋಡೆ ದಪ್ಪಗಾಗಿ ಗ್ರಂಥಿಯ ಮುಂದಿನ ಹಾಲೆಯಾಗುತ್ತದೆ. ಹಿಂದಿನ ಗೋಡೆ ತೆಳುವಾದ ನಡುಭಾಗವಾಗಿ ಉಳಿಯುತ್ತದೆ. ಮನುಷ್ಯರಲ್ಲಿ ಅದು ಬಹಳ ಸಣ್ಣದು. ಮಿದುಳಿನಿಂದ ಇಳಿದ ಭಾಗ ಹಿಂದಿನ ಹಾಲೆ ಮತ್ತು ತೊಟ್ಟು ಆಗುತ್ತದೆ. ಮುಂದಿನ ಹಾಲೆ ಬಾಯಿಯ ಹೊದಿಕೆಯಿಂದ ಬಂದ ನಿಜವಾದ ಗ್ರಂಥಿ. ತನ್ನ ಹಾರ್ಮೋನುಗಳನ್ನು ತಾನೇ ತಯಾರಿಸುತ್ತದೆ. ಹಿಂದಿನ ಹಾಲೆ ಮಿದುಳಿನದೇ ತುಂಡು. ಅದು ಏನನ್ನೂ ತಯಾರಿಸುವುದಿಲ್ಲ. ಹೈಪೋಥಲಾಮಸ್‌ನ ನರಕೋಶಗಳು ತಯಾರಿಸಿ ಉದ್ದನೆಯ ನರತಂತುಗಳ ಮೂಲಕ ಕಳುಹಿಸಿದ ಹಾರ್ಮೋನುಗಳನ್ನು ಕೂಡಿಟ್ಟುಕೊಂಡು, ಸೂಚನೆ ಬಂದಾಗ ರಕ್ತಕ್ಕೆ ಬಿಡುತ್ತದೆ.

ಈ ಬೆಳವಣಿಗೆಯನ್ನು ನಡೆಸುವ ಜೀನುಗಳೂ ಗೊತ್ತಾಗಿವೆ. ಪ್ರಾಪ್1, ಪಿಟ್1 ಎಂಬ ಜೀನುಗಳು ಸರಿಯಿಲ್ಲದಿದ್ದರೆ ಬೆಳವಣಿಗೆಯ ಹಾರ್ಮೋನು, ಪ್ರೊಲ್ಯಾಕ್ಟಿನ್, ಥೈರಾಯ್ಡ್ ಪ್ರಚೋದಕ ಈ ಮೂರೂ ಹುಟ್ಟಿನಿಂದಲೇ ಕೊರತೆಯಾಗುತ್ತವೆ. ಒಂದೇ ಮೂಲ ಜೀವಕೋಶದ ಸಾಲಿನಿಂದ ಈ ಮೂರು ಬಗೆಯ ಕೋಶಗಳು ಬರುತ್ತವೆ ಎಂಬುದಕ್ಕೆ ಇದೇ ಸಾಕ್ಷಿ.

ಬಾಯಿಯಿಂದ ಬಂದದ್ದರ ಗುರುತು ದೊಡ್ಡವರಾದ ಮೇಲೂ ಉಳಿಯುತ್ತದೆಯೇ?

ಉಳಿಯುತ್ತದೆ. ಚೀಲ ಏರಿಬಂದ ದಾರಿಯಲ್ಲಿ ಕೆಲವು ಕೋಶಗಳು ಹಿಂದುಳಿಯಬಹುದು. ಅವುಗಳಿಂದ ಮುಂದೆ ನೀರುಗುಳ್ಳೆಯೋ, ಕ್ರೇನಿಯೋಫ್ಯಾರಿಂಜಿಯೋಮಾ ಎಂಬ ಗಡ್ಡೆಯೋ ಬೆಳೆಯಬಹುದು. ಈ ಗಡ್ಡೆ ಮಕ್ಕಳಲ್ಲೂ ಕಾಣಿಸುತ್ತದೆ. ಅದರ ಒಂದು ಬಗೆಯಲ್ಲಿ ಸುಣ್ಣದ ಕಣಗಳು ತುಂಬಿರುತ್ತವೆ. ಅದರ ಅಂಗಾಂಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹಲ್ಲು ಮೂಡುವ ವಸಡಿನ ಅಂಗಾಂಶವನ್ನು ಹೋಲುತ್ತದೆ. ತಲೆಯ ನಡುವೆ ಹಲ್ಲಿನ ಅಂಗಾಂಶದ ಹೋಲಿಕೆ ಏಕೆ ಬಂತು ಎಂದು ವಿದ್ಯಾರ್ಥಿಗಳು ಬೆರಗಾಗುತ್ತಾರೆ. ಹುಟ್ಟಿದ್ದೇ ಬಾಯಿಯಲ್ಲಲ್ಲವೇ!

ಇದರ ಜೊತೆಗೇ ಹೇಳಬೇಕಾದ ಇನ್ನೊಂದು ಸಂಗತಿಯಿದೆ. ಹರೆಯವನ್ನು ಆರಂಭಿಸುವ ಜಿಎನ್‌ಆರ್‌ಎಚ್ ಎಂಬ ಹಾರ್ಮೋನಿನ ನರಕೋಶಗಳು ಹುಟ್ಟುವುದು ಭ್ರೂಣದ ಮೂಗಿನ ಭಾಗದಲ್ಲಿ. ವಾಸನೆಯ ನರದ ಜೊತೆ ಅವು ಪ್ರಯಾಣ ಮಾಡಿ ಹೈಪೋಥಲಾಮಸ್ ಸೇರುತ್ತವೆ. ಈ ಪ್ರಯಾಣ ಕೆಟ್ಟರೆ ಮಗುವಿಗೆ ವಾಸನೆಯೂ ತಿಳಿಯುವುದಿಲ್ಲ, ವಯಸ್ಸಿಗೆ ತಕ್ಕಂತೆ ಹರೆಯವೂ ಬರುವುದಿಲ್ಲ. ಇದಕ್ಕೆ ಕಾಲ್‌ಮನ್ ಸಿಂಡ್ರೋಮ್ ಎನ್ನುತ್ತಾರೆ. ಹದಿನೈದು ದಾಟಿದ ಹುಡುಗನಿಗೆ ದನಿ ಒಡೆಯಲಿಲ್ಲ ಎಂದು ಬಂದವರನ್ನು ವೈದ್ಯರು ಮಲ್ಲಿಗೆಯ ವಾಸನೆ, ಒಗ್ಗರಣೆಯ ವಾಸನೆ ತಿಳಿಯುತ್ತದೆಯೇ ಎಂದು ಕೇಳಿದರೆ ಅದು ಮಾತಿಗೆ ಕೇಳಿದ ಪ್ರಶ್ನೆಯಲ್ಲ.

ಅಷ್ಟೊಂದು ಹಾರ್ಮೋನುಗಳನ್ನು ನೆನಪಿಡುವುದು ಹೇಗೆ?

ಹಾಲೆಗಳ ಪ್ರಕಾರ ಓದಿ. ಮುಂದಿನ ಹಾಲೆಯಲ್ಲಿ ಆರು. ಅವುಗಳಲ್ಲಿ ನಾಲ್ಕು ಬೇರೆ ಗ್ರಂಥಿಗಳನ್ನು ಕೆಲಸಕ್ಕೆ ಹಚ್ಚುತ್ತವೆ: ಥೈರಾಯ್ಡ್‌ಗೆ ಟಿಎಸ್‌ಎಚ್, ಮೂತ್ರಪಿಂಡದ ಮೇಲಿರುವ ಅಡ್ರಿನಲ್‌ಗೆ ಎಸಿಟಿಎಚ್, ಅಂಡಾಶಯ ಮತ್ತು ವೃಷಣಗಳಿಗೆ ಎಲ್‌ಎಚ್ ಹಾಗೂ ಎಫ್‌ಎಸ್‌ಎಚ್. ಉಳಿದ ಎರಡು ಬೆಳವಣಿಗೆಯ ಹಾರ್ಮೋನು ಮತ್ತು ಹಾಲು ಉತ್ಪತ್ತಿಗೆ ಬೇಕಾದ ಪ್ರೊಲ್ಯಾಕ್ಟಿನ್. ಹಿಂದಿನ ಹಾಲೆಯಿಂದ ಹೊರಬರುವವು ಎರಡು: ಮೂತ್ರಪಿಂಡದಲ್ಲಿ ನೀರನ್ನು ಉಳಿಸುವ ವ್ಯಾಸೊಪ್ರೆಸಿನ್, ಗರ್ಭಕೋಶವನ್ನು ಸಂಕುಚಿಸುವ ಮತ್ತು ಹಾಲನ್ನು ಇಳಿಸುವ ಆಕ್ಸಿಟೋಸಿನ್.

ಇದನ್ನು ಯಜಮಾನ ಗ್ರಂಥಿ ಎನ್ನುವುದು ಸರಿಯೇ?

ಪರೀಕ್ಷೆಯಲ್ಲಿ ಕೇಳಿದರೆ ಬರೆಯಿರಿ. ವಾಸ್ತವದಲ್ಲಿ ಮುಂದಿನ ಹಾಲೆ ಹೈಪೋಥಲಾಮಸ್ ಹೇಳಿದಂತೆ ಕೇಳುತ್ತದೆ. ತಾನು ಪ್ರಚೋದಿಸಿದ ಗ್ರಂಥಿಗಳ ಹಾರ್ಮೋನು ರಕ್ತದಲ್ಲಿ ಹೆಚ್ಚಾದರೆ ತಾನೇ ತಗ್ಗುತ್ತದೆ. ಥೈರಾಯ್ಡ್ ಹಾರ್ಮೋನು ಕಡಿಮೆಯಾದಾಗ ಟಿಎಸ್‌ಎಚ್ ಏರುವುದೂ, ಹೆಚ್ಚಾದಾಗ ಇಳಿಯುವುದೂ ಇದೇ ಕಾರಣಕ್ಕೆ.

ಹೈಪೋಥಲಾಮಸ್‌ನ ಆದೇಶ ಮುಂದಿನ ಹಾಲೆಗೆ ತಲುಪುವುದು ಹೇಗೆ? ನಡುವೆ ನರಗಳಿಲ್ಲವಲ್ಲ?

ಒಳ್ಳೆಯ ಪ್ರಶ್ನೆ. ತಲುಪಿಸುವುದು ರಕ್ತ. ಹೈಪೋಥಲಾಮಸ್‌ನ ತಳದಲ್ಲಿ ಸೂಕ್ಷ್ಮ ರಕ್ತನಾಳಗಳ ಒಂದು ಜಾಲವಿದೆ. ಅಲ್ಲಿಂದ ಹೊರಟ ರಕ್ತ ತೊಟ್ಟಿನ ಗುಂಟ ಇಳಿದು ಮುಂದಿನ ಹಾಲೆಯಲ್ಲಿ ಎರಡನೇ ಜಾಲವಾಗಿ ಹರಡುತ್ತದೆ. ಹೈಪೋಥಲಾಮಸ್ ಸ್ರವಿಸಿದ ಅತಿ ಸಣ್ಣ ಪ್ರಮಾಣದ ಹಾರ್ಮೋನು ದೇಹದ ರಕ್ತದಲ್ಲೆಲ್ಲ ಬೆರೆತು ಕಳೆದುಹೋಗದೆ ನೇರವಾಗಿ ಗ್ರಂಥಿಗೆ ಸೇರುತ್ತದೆ. ಇದನ್ನು ಬ್ರಿಟಿಷ್ ವಿಜ್ಞಾನಿ ಜೆಫ್ರಿ ಹ್ಯಾರಿಸ್ ಪ್ರಯೋಗಗಳಿಂದ ತೋರಿಸಿಕೊಟ್ಟರು. ಆ ಹಾರ್ಮೋನುಗಳನ್ನು ಹಿಡಿಯಲು ರೋಜರ್ ಗಿಲ್ಲೆಮಿನ್ ಕುರಿಗಳ, ಆಂಡ್ರ್ಯೂ ಶಾಲಿ ಹಂದಿಗಳ ಲಕ್ಷಾಂತರ ಮಿದುಳುಗಳನ್ನು ಸಂಸ್ಕರಿಸಿದರು. ಕೊನೆಗೆ ಕೈಗೆ ಬಂದದ್ದು ಕೆಲವೇ ಮಿಲಿಗ್ರಾಂ. 1977ರ ನೊಬೆಲ್ ಪ್ರಶಸ್ತಿ ಅವರಿಬ್ಬರಿಗೆ ಬಂತು. ರಕ್ತದಲ್ಲಿರುವ ಅತ್ಯಲ್ಪ ಹಾರ್ಮೋನನ್ನು ಅಳೆಯುವ ವಿಧಾನಕ್ಕಾಗಿ ರೋಸಲಿನ್ ಯಾಲೋ ಅದೇ ವರ್ಷ ಆ ಪ್ರಶಸ್ತಿಯಲ್ಲಿ ಪಾಲು ಪಡೆದರು. ಇಂದು ಪ್ರಯೋಗಾಲಯದ ಚೀಟಿಯಲ್ಲಿ ಟಿಎಸ್‌ಎಚ್ ಎಂದು ಒಂದು ಸಂಖ್ಯೆ ಬರುತ್ತದೆಯಲ್ಲ, ಅಂಥ ಪರೀಕ್ಷೆಗಳ ಮೂಲ ಯಾಲೋ ಅವರ ಕೆಲಸ.

ಆಕ್ಸಿಟೋಸಿನ್, ವ್ಯಾಸೊಪ್ರೆಸಿನ್, ಈ ಆದೇಶದ ಹಾರ್ಮೋನುಗಳು ಎಲ್ಲವೂ ತೊಟ್ಟಿನ ಮೂಲಕವೇ ಸಾಗಬೇಕು. ತೊಟ್ಟಿಗೆ ಪೆಟ್ಟಾದರೆ ಬಹುತೇಕ ಎಲ್ಲ ಹಾರ್ಮೋನುಗಳೂ ಇಳಿಯುತ್ತವೆ. ಪ್ರೊಲ್ಯಾಕ್ಟಿನ್ ಒಂದು ಮಾತ್ರ ಏರುತ್ತದೆ. ಹೈಪೋಥಲಾಮಸ್ ಡೋಪಮಿನ್ ಎಂಬ ರಾಸಾಯನಿಕವನ್ನು ಕಳುಹಿಸಿ ಅದನ್ನು ಸದಾ ಅದುಮಿಡುತ್ತಿರುತ್ತದೆ. ತೊಟ್ಟು ಹಾಳಾದರೆ ಆ ತಡೆ ಹೋಗುತ್ತದೆ.

ಹಸು ಸೊರೆ ಬಿಡುವುದಕ್ಕೂ ಈ ಗ್ರಂಥಿಗೂ ಸಂಬಂಧವಿದೆಯೇ?

ನೇರ ಸಂಬಂಧವಿದೆ. ಕೋಲಾರ, ಚಿಕ್ಕಬಳ್ಳಾಪುರಗಳ ಹಳ್ಳಿಗಳಲ್ಲಿ ಬೆಳಿಗ್ಗೆ ಡೇರಿಗೆ ಹಾಲು ಹಾಕುವ ಪ್ರತಿಯೊಬ್ಬರೂ ದಿನಕ್ಕೆ ಎರಡು ಬಾರಿ ಇದನ್ನು ಕಣ್ಣಾರೆ ನೋಡುತ್ತಾರೆ. ಕರು ಮೊಲೆಗೆ ಬಾಯಿ ಹಾಕಿದಾಗ ಅಥವಾ ಕೆಚ್ಚಲನ್ನು ಬೆಚ್ಚಗಿನ ನೀರಿನಿಂದ ತೊಳೆದು ಒರೆಸಿದಾಗ, ಆ ಸ್ಪರ್ಶದ ಸೂಚನೆ ನರಗಳ ಮೂಲಕ ಹೈಪೋಥಲಾಮಸ್ ಮುಟ್ಟುತ್ತದೆ. ಹಿಂದಿನ ಹಾಲೆ ಆಕ್ಸಿಟೋಸಿನ್ ಬಿಡುತ್ತದೆ. ಸುಮಾರು ಒಂದು ನಿಮಿಷದಲ್ಲಿ ಅದು ಕೆಚ್ಚಲು ತಲುಪಿ, ಹಾಲಿನ ಗೂಡುಗಳ ಸುತ್ತಲಿರುವ ಸ್ನಾಯುಕೋಶಗಳನ್ನು ಹಿಂಡುತ್ತದೆ, ಹಾಲು ಇಳಿಯುತ್ತದೆ. ಈ ಪರಿಣಾಮ ಉಳಿಯುವುದು ಕೆಲವೇ ನಿಮಿಷ. ಕೆಚ್ಚಲು ತೊಳೆದು ಬೇರೆ ಕೆಲಸಕ್ಕೆ ಹೋಗಿ ಬಂದರೆ ಹಾಲು ಪೂರ್ತಿ ಸಿಗದಿರುವುದಕ್ಕೆ ಇದೇ ಕಾರಣ. ಹೊಸಬರು ಕೊಟ್ಟಿಗೆಗೆ ಬಂದು ಹಸು ಬೆದರಿದರೂ ಹಾಲು ಬಿಗಿಹಿಡಿಯುತ್ತದೆ. ಹೆದರಿಕೆಯಲ್ಲಿ ಸ್ರವಿಸುವ ಅಡ್ರಿನಲಿನ್ ಆಕ್ಸಿಟೋಸಿನ್‌ನ ಕೆಲಸವನ್ನು ತಡೆಯುತ್ತದೆ.

ಆಕ್ಸಿಟೋಸಿನ್ ಇಂಜೆಕ್ಷನ್ ಕೊಟ್ಟರೆ ಹಾಲು ಹೆಚ್ಚುತ್ತದೆ ಎಂಬ ನಂಬಿಕೆ ತಪ್ಪು. ಇಂಜೆಕ್ಷನ್ ಇರುವ ಹಾಲನ್ನು ಇಳಿಸುತ್ತದೆ, ಹೊಸದಾಗಿ ಉಂಟುಮಾಡುವುದಿಲ್ಲ. ದಿನವೂ ಚುಚ್ಚಿದರೆ ಹಸು ಅದಿಲ್ಲದೆ ಸೊರೆ ಬಿಡದ ಸ್ಥಿತಿಗೆ ಬರಬಹುದು. ವೈದ್ಯರ ಚೀಟಿ ಇಲ್ಲದೆ ಈ ಔಷಧವನ್ನು ಮಾರುವಂತಿಲ್ಲ. ಹಾಲಿಗಾಗಿ ಪ್ರಾಣಿಯ ಆರೋಗ್ಯಕ್ಕೆ ಹಾನಿಯಾಗುವಂತೆ ಚುಚ್ಚುಮದ್ದು ಕೊಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಅಪರಾಧ. ಕರುವನ್ನು ಬಿಟ್ಟು, ಕೆಚ್ಚಲು ತೊಳೆದು, ಹೊತ್ತಿಗೆ ಸರಿಯಾಗಿ ಕರೆಯುವ ಹಳೆಯ ಪದ್ಧತಿಯೇ ಈ ಗ್ರಂಥಿಗೆ ಗೊತ್ತಿರುವ ಭಾಷೆ.

ಆ ಹಾಲು ಕುಡಿದರೆ ಹೆಣ್ಣುಮಕ್ಕಳು ಬೇಗ ದೊಡ್ಡವರಾಗುತ್ತಾರೆಯೇ?

ಇಲ್ಲ. ಆಕ್ಸಿಟೋಸಿನ್ ಒಂಬತ್ತು ಅಮೈನೋ ಆಮ್ಲಗಳ ಸಣ್ಣ ಸರಪಳಿ. ಹೊಟ್ಟೆ ಮತ್ತು ಕರುಳಿನಲ್ಲಿ ಜೀರ್ಣವಾಗಿ ಹೋಗುತ್ತದೆ. ಅದಕ್ಕೂ ಹರೆಯಕ್ಕೂ ಸಂಬಂಧವಿಲ್ಲ. ಹರೆಯ ಆರಂಭಿಸುವುದು ಜಿಎನ್‌ಆರ್‌ಎಚ್‌ನ ಆದೇಶದಿಂದ ಸ್ರವಿಸುವ ಎಲ್‌ಎಚ್ ಮತ್ತು ಎಫ್‌ಎಸ್‌ಎಚ್. ಆದರೆ ಹೆಣ್ಣುಮಗುವಿಗೆ 8 ವರ್ಷಕ್ಕೆ ಮೊದಲು, ಗಂಡುಮಗುವಿಗೆ 9 ವರ್ಷಕ್ಕೆ ಮೊದಲು ಹರೆಯದ ಲಕ್ಷಣ ಕಂಡರೆ ಹಾಲನ್ನು ದೂರುತ್ತಾ ಕೂರದೆ ಮಕ್ಕಳ ವೈದ್ಯರಿಗೆ ತೋರಿಸಿ.

ಹೆರಿಗೆಯಲ್ಲಿ ತುಂಬಾ ರಕ್ತ ಹೋಗಿತ್ತು, ಎದೆಹಾಲು ಬರಲೇ ಇಲ್ಲ, ಮುಟ್ಟೂ ಮತ್ತೆ ಬಂದಿಲ್ಲ. ಇದು ಬರೀ ನಿಶ್ಶಕ್ತಿಯೇ?

ದಯವಿಟ್ಟು ಇದನ್ನು ನಿಶ್ಶಕ್ತಿ ಎಂದು ಬಿಡಬೇಡಿ. ಗರ್ಭಿಣಿಯಲ್ಲಿ ಪ್ರೊಲ್ಯಾಕ್ಟಿನ್ ಕೋಶಗಳು ಹೆಚ್ಚಿ ಗ್ರಂಥಿ ಸುಮಾರು ಮೂರನೇ ಒಂದು ಭಾಗದಷ್ಟು ಹಿಗ್ಗಿರುತ್ತದೆ. ಆದರೆ ಮುಂದಿನ ಹಾಲೆಗೆ ರಕ್ತ ಬರುವುದು ಮೇಲೆ ಹೇಳಿದ ಆ ಕಡಿಮೆ ಒತ್ತಡದ ದಾರಿಯಲ್ಲಿ. ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವವಾಗಿ ರಕ್ತದೊತ್ತಡ ಬಿದ್ದರೆ ಹಿಗ್ಗಿದ ಗ್ರಂಥಿಗೆ ರಕ್ತ ಸಾಲದೆ ಕೋಶಗಳು ಸಾಯುತ್ತವೆ. 1937ರಲ್ಲಿ ಬ್ರಿಟಿಷ್ ರೋಗಶಾಸ್ತ್ರಜ್ಞ ಹೆರಾಲ್ಡ್ ಶೀಹನ್ ಇದನ್ನು ವಿವರಿಸಿದರು. ಹಿಂದಿನ ಹಾಲೆಗೆ ಬೇರೆ ಅಪಧಮನಿಯಿಂದ ನೇರ ರಕ್ತ ಬರುವುದರಿಂದ ಅದು ಹೆಚ್ಚಾಗಿ ಬಚಾವಾಗುತ್ತದೆ.

ಮೊದಲ ಸುಳಿವು ಎದೆಹಾಲು ಬರದಿರುವುದು. ನಂತರ ಮುಟ್ಟು ನಿಲ್ಲುತ್ತದೆ, ಕಂಕುಳಿನ ಕೂದಲು ಉದುರುತ್ತದೆ, ಚಳಿ ತಡೆಯಲಾಗುವುದಿಲ್ಲ, ಮುಖ ಬಿಳಿಚಿಕೊಳ್ಳುತ್ತದೆ, ನಾಲ್ಕು ಹೆಜ್ಜೆ ನಡೆದರೆ ಸುಸ್ತು. ಬಾಣಂತನದಲ್ಲಿ ಸರಿಯಾಗಿ ಪಥ್ಯ ಮಾಡಲಿಲ್ಲವೆಂದು ಅತ್ತೆ ಗದರುತ್ತಾರೆ, ಹಾಲಿಲ್ಲದ ತಾಯಿ ಎಂದು ನೆಂಟರು ಆಡಿಕೊಳ್ಳುತ್ತಾರೆ. ಆ ಹೆಣ್ಣುಮಗಳ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ. ಕಾಯಿಲೆ ಗೊತ್ತಾಗಲು ಹತ್ತು ವರ್ಷ ಹಿಡಿಯುವುದೂ ಉಂಟು. ಕೊರತೆಯಾದ ಹಾರ್ಮೋನುಗಳನ್ನು ಮಾತ್ರೆಯಲ್ಲಿ ಕೊಡಬಹುದು. ಚಿಕಿತ್ಸೆ ಆರಂಭವಾದ ಮೇಲೆ ಚೇತರಿಕೆ ಚೆನ್ನಾಗಿ ಕಾಣುತ್ತದೆ.

ತಡೆಯುವ ದಾರಿಯೂ ಇದೇ ಗ್ರಂಥಿಯಿಂದ ಬಂದಿದೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ತಕ್ಷಣ ಕೊಡುವ 10 ಯೂನಿಟ್ ಆಕ್ಸಿಟೋಸಿನ್ ಗರ್ಭಕೋಶವನ್ನು ಬಿಗಿಗೊಳಿಸಿ ರಕ್ತಸ್ರಾವವನ್ನು ತಡೆಯುತ್ತದೆ. ಹಿಂದಿನ ಹಾಲೆಯ ಹಾರ್ಮೋನು ಮುಂದಿನ ಹಾಲೆಯನ್ನು ಕಾಪಾಡುತ್ತದೆ. ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ ಎಂದು ನಾನು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ.

ಕೊಳಕುಮಂಡಲ ಕಚ್ಚಿ ಬದುಕುಳಿದವರಿಗೆ ಮುಂದೆ ತೊಂದರೆ ಬರುತ್ತದೆಯೇ?

ಎಲ್ಲರಿಗೂ ಅಲ್ಲ, ಕೆಲವರಿಗೆ ಬರುತ್ತದೆ. ರಾತ್ರಿ ತ್ರೀ ಫೇಸ್ ವಿದ್ಯುತ್ ಬಂದಾಗ ಟೊಮೇಟೊ ತೋಟಕ್ಕೆ ನೀರು ಬಿಡಲು ಹೋದವರು, ರಾಗಿ ಮೆದೆಗೆ ಕೈ ಹಾಕಿದವರು ಈ ಹಾವಿನ ಕಡಿತಕ್ಕೆ ಸಿಗುತ್ತಾರೆ. ಅದರ ವಿಷ ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯನ್ನೇ ಕೆಡಿಸುತ್ತದೆ: ಸೂಕ್ಷ್ಮ ರಕ್ತನಾಳಗಳಲ್ಲಿ ಹೆಪ್ಪು ಕಟ್ಟುತ್ತದೆ, ಮತ್ತೊಂದು ಕಡೆ ರಕ್ತ ನಿಲ್ಲದೆ ಸೋರುತ್ತದೆ. ಆಸ್ಪತ್ರೆಯಲ್ಲಿ ಎರಡು ಮಿಲಿಲೀಟರ್ ರಕ್ತವನ್ನು ಒಣಗಿದ, ಸ್ವಚ್ಛ ಗಾಜಿನ ಕೊಳವೆಗೆ ಹಾಕಿ, ಅಲುಗಾಡಿಸದೆ 20 ನಿಮಿಷ ಇಟ್ಟು, ನಂತರ ಓರೆ ಮಾಡಿ ನೋಡುತ್ತಾರೆ. ರಕ್ತ ಗಟ್ಟಿಯಾಗದೆ ಹರಿದರೆ ವಿಷ ಏರಿದೆ ಎಂದು ಅರ್ಥ. ಮೂತ್ರಪಿಂಡಕ್ಕೆ ಹಾನಿಯಾಗುವುದು ಹಲವರಿಗೆ ಗೊತ್ತು. ಅದೇ ಹಾನಿ ಪಿಟ್ಯುಟರಿಗೂ ಆಗಬಹುದು ಎಂಬುದು ಗೊತ್ತಿರುವವರು ಕಡಿಮೆ. ಬರ್ಮಾ ಮತ್ತು ದಕ್ಷಿಣ ಭಾರತದಿಂದ ಇದರ ವರದಿಗಳು ಬಂದಿವೆ.

ಕೆಲವರಿಗೆ ಆಸ್ಪತ್ರೆಯಲ್ಲಿರುವಾಗಲೇ ರಕ್ತದೊತ್ತಡ, ಸಕ್ಕರೆ ಕುಸಿಯುತ್ತವೆ. ಇನ್ನು ಕೆಲವರಿಗೆ ತಿಂಗಳುಗಳ ಅಥವಾ ವರ್ಷಗಳ ನಂತರ ಗೊತ್ತಾಗುತ್ತದೆ: ಗಡ್ಡ ಬೋಳಿಸುವ ಅಗತ್ಯವೇ ಕಡಿಮೆಯಾಗುತ್ತದೆ, ದಾಂಪತ್ಯದಲ್ಲಿ ಆಸಕ್ತಿ ಹೋಗುತ್ತದೆ, ಕೂಲಿಗೆ ಹೋಗಲು ಮೈ ಏಳುವುದಿಲ್ಲ, ಹೆಂಗಸರಿಗೆ ಮುಟ್ಟು ನಿಲ್ಲುತ್ತದೆ. ಸೋಮಾರಿಯಾದ ಎಂದು ಮನೆಯವರೇ ಬಯ್ಯುತ್ತಾರೆ. ಹಾವು ಕಚ್ಚಿದ್ದನ್ನು ವೈದ್ಯರಿಗೆ ಹೇಳಬೇಕೆಂದು ಯಾರಿಗೂ ತೋಚುವುದಿಲ್ಲ. ಹೇಳಿ. ಎಷ್ಟು ವರ್ಷ ಹಳೆಯದಾದರೂ ಹೇಳಿ. ಇನ್ನು ಕಚ್ಚಿದ ಹೊತ್ತಿನಲ್ಲಿ ಮಾಡಬೇಕಾದದ್ದು ಒಂದೇ: ಕಟ್ಟು ಬಿಗಿಯದೆ, ಕೊಯ್ಯದೆ, ಮಂತ್ರಕ್ಕೆ ಹೊತ್ತು ಕಳೆಯದೆ, ಕೈಕಾಲು ಅಲುಗಿಸದಂತೆ ಕೂಡಲೇ ಪ್ರತಿವಿಷ ಸಿಗುವ ಆಸ್ಪತ್ರೆಗೆ ಹೋಗುವುದು.

ಥೈರಾಯ್ಡ್ ಪರೀಕ್ಷೆ ಸರಿಯಾಗಿದೆ ಎಂದು ಬಂದಿದೆ. ಆದರೂ ಥೈರಾಯ್ಡ್ ಕೊರತೆಯ ಲಕ್ಷಣಗಳಿವೆ. ಹೇಗೆ?

ಟಿಎಸ್‌ಎಚ್ ಒಂದನ್ನೇ ನೋಡಿದರೆ ಮೋಸ ಹೋಗಬಹುದು. ಥೈರಾಯ್ಡ್ ಕೆಟ್ಟಿದ್ದರೆ ಟಿಎಸ್‌ಎಚ್ ಏರುತ್ತದೆ. ಪಿಟ್ಯುಟರಿಯೇ ಕೆಟ್ಟಿದ್ದರೆ ಏರಿಸುವವರು ಯಾರು? ಆಗ ಟಿಎಸ್‌ಎಚ್ ಸಹಜವಾಗಿಯೇ ಕಾಣಬಹುದು, ಟಿ4 ಎಂಬ ಥೈರಾಯ್ಡ್ ಹಾರ್ಮೋನು ಮಾತ್ರ ತಗ್ಗಿರುತ್ತದೆ. ಪಿಟ್ಯುಟರಿಯ ಅನುಮಾನವಿದ್ದರೆ ವೈದ್ಯರು ಟಿ4, ಬೆಳಿಗ್ಗೆ ಎಂಟರ ಹೊತ್ತಿನ ಕಾರ್ಟಿಸಾಲ್ (ಅಡ್ರಿನಲ್ ಸ್ರವಿಸುವ ಹಾರ್ಮೋನು), ಪ್ರೊಲ್ಯಾಕ್ಟಿನ್, ಎಲ್‌ಎಚ್, ಎಫ್‌ಎಸ್‌ಎಚ್, ಸೋಡಿಯಂ ಎಲ್ಲವನ್ನೂ ಒಟ್ಟಿಗೆ ನೋಡುತ್ತಾರೆ.

ಇಲ್ಲೊಂದು ಎಚ್ಚರಿಕೆ. ಕಾರ್ಟಿಸಾಲ್ ಕೊರತೆಯೂ ಇರುವವರಿಗೆ ಮೊದಲು ಕಾರ್ಟಿಸಾಲ್ ಕೊಟ್ಟು ನಂತರ ಥೈರಾಯ್ಡ್ ಮಾತ್ರೆ ಆರಂಭಿಸಬೇಕು. ತಿರುಗುಮುರುಗಾದರೆ ಪ್ರಾಣಕ್ಕೆ ಕುತ್ತು.

ಮಂಡಿನೋವಿಗೆ ಪೊಟ್ಟಣದಲ್ಲಿ ಕೊಡುವ ಮಾತ್ರೆಗಳಿಂದ ಪಿಟ್ಯುಟರಿಗೆ ತೊಂದರೆಯೇ?

ಅದರಲ್ಲಿ ಡೆಕ್ಸಾಮೆಥಸೋನ್ ಅಥವಾ ಪ್ರೆಡ್ನಿಸೋಲೋನ್‌ನಂತಹ ಸ್ಟೀರಾಯ್ಡ್ ಇದ್ದರೆ ಖಂಡಿತ ತೊಂದರೆಯಿದೆ. ಕಾರ್ಟಿಸಾಲ್‌ನಂತೆಯೇ ಕೆಲಸ ಮಾಡುವ ಸ್ಟೀರಾಯ್ಡ್ ರಕ್ತದಲ್ಲಿ ತುಂಬಿರುವುದನ್ನು ಕಂಡು ಗ್ರಂಥಿ ಎಸಿಟಿಎಚ್ ನಿಲ್ಲಿಸುತ್ತದೆ, ಅಡ್ರಿನಲ್ ಕುಗ್ಗುತ್ತದೆ. ಮುಖ ಊದಿ ಗುಂಡಗಾಗುತ್ತದೆ, ಕೈಕಾಲು ಸಣಕಲಾಗುತ್ತದೆ, ಸಕ್ಕರೆ ಏರುತ್ತದೆ. ಭಯ ಬಿದ್ದು ಒಮ್ಮೆಲೇ ನಿಲ್ಲಿಸುವುದು ಇನ್ನೂ ಅಪಾಯ: ವಾಂತಿ, ತಲೆಸುತ್ತು, ರಕ್ತದೊತ್ತಡ ಕುಸಿತ. ಉಳಿದ ಪೊಟ್ಟಣವನ್ನು ಜೊತೆಗಿಟ್ಟುಕೊಂಡು ವೈದ್ಯರ ಬಳಿ ಹೋಗಿ. ಅವರು ಮೆಲ್ಲಗೆ ಇಳಿಸುತ್ತಾರೆ.

ಮಗ ಓರಗೆಯವರಿಗಿಂತ ಕುಳ್ಳಗಿದ್ದಾನೆ. ಎತ್ತರ ಹೆಚ್ಚಿಸುವ ಪುಡಿ ಕೊಡಬಹುದೇ?

ಪುಡಿಗೆ ದುಡ್ಡು ಸುರಿಯಬೇಡಿ. ಬೆಳವಣಿಗೆಯ ಹಾರ್ಮೋನು ಪ್ರೋಟೀನ್. ಬಾಯಲ್ಲಿ ತೆಗೆದುಕೊಂಡರೆ ಜೀರ್ಣವಾಗುತ್ತದೆ, ಚುಚ್ಚುಮದ್ದಾಗಿಯೇ ಕೊಡಬೇಕು. ಮೊದಲು ಮಾಡಬೇಕಾದದ್ದು ಅಳತೆ. ಬಾಗಿಲಿನ ಚೌಕಟ್ಟಿಗೆ ಬರಿಗಾಲಲ್ಲಿ ನಿಲ್ಲಿಸಿ, ತಲೆಯ ಮೇಲೆ ಚಪ್ಪಟೆಯಾಗಿ ಪುಸ್ತಕವಿಟ್ಟು ಪೆನ್ಸಿಲ್‌ನಿಂದ ಗೆರೆ ಎಳೆದು ತಾರೀಕು ಬರೆಯಿರಿ. ನಾಲ್ಕು ವರ್ಷದ ನಂತರ, ಹರೆಯಕ್ಕೆ ಮೊದಲು, ವರ್ಷಕ್ಕೆ ಸುಮಾರು 4 ಸೆಂಟಿಮೀಟರಿಗಿಂತ ಕಡಿಮೆ ಬೆಳೆಯುತ್ತಿದ್ದರೆ ತೋರಿಸಲೇಬೇಕು. ಮೂಳೆಯ ತುದಿಯಲ್ಲಿ ಬೆಳವಣಿಗೆ ನಡೆಯುವ ಮೃದು ಭಾಗ ಮುಚ್ಚಿದ ಮೇಲೆ ಯಾವ ಔಷಧವೂ ಎತ್ತರ ಕೊಡುವುದಿಲ್ಲ.

ಹಿಂದೆ ಈ ಹಾರ್ಮೋನನ್ನು ಮೃತರ ಪಿಟ್ಯುಟರಿಯಿಂದ ತೆಗೆಯುತ್ತಿದ್ದರು. ಅದರಿಂದ ಕೆಲವರಿಗೆ ಮಾರಕ ಮಿದುಳು ರೋಗ ಅಂಟಿದ್ದು ತಿಳಿದು 1985ರಲ್ಲಿ ಅಮೆರಿಕದಲ್ಲಿ ನಿಲ್ಲಿಸಿದರು. ಈಗ ಸಿಗುವುದು ಜೀವತಂತ್ರಜ್ಞಾನದಿಂದ ತಯಾರಾದದ್ದು.

ಬಾಗೇಪಲ್ಲಿ, ಪಾವಗಡದ ಕಡೆಯವರು ಕೊಳವೆಬಾವಿ ನೀರಿನ ಫ್ಲೋರೈಡ್ ಬಗ್ಗೆ ಕೇಳುತ್ತಾರೆ. ಫ್ಲೋರೈಡ್ ಮುಖ್ಯವಾಗಿ ಹಾಳುಮಾಡುವುದು ಹಲ್ಲು ಮತ್ತು ಮೂಳೆಯನ್ನು. ಕಾಲು ಸೊಟ್ಟಗಾಗಿ ಎತ್ತರ ಕಡಿಮೆ ಕಂಡರೆ ಅದನ್ನು ಪಿಟ್ಯುಟರಿಯ ಕುಳ್ಳತನದಿಂದ ಬೇರೆ ಮಾಡಿ ನೋಡಬೇಕು.

ಅಕ್ಕನ ಮಗಳನ್ನು ಮದುವೆಯಾದರೆ ಮಕ್ಕಳಿಗೆ ಈ ತೊಂದರೆ ಬರುತ್ತದೆಯೇ?

ಸಾಧ್ಯತೆ ಹೆಚ್ಚುತ್ತದೆ. ಪ್ರಾಪ್1ರ ದೋಷ ಕಾಣಿಸಿಕೊಳ್ಳಲು ತಂದೆ, ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬರಬೇಕು. ಒಂದೇ ಕುಟುಂಬದವರಲ್ಲಿ ಅದು ಕೂಡಿಬರುವ ಅವಕಾಶ ಹೆಚ್ಚು. ನವಜಾತ ಶಿಶುವಿಗೆ ಪದೇ ಪದೇ ಸಕ್ಕರೆ ಇಳಿದು ಫಿಟ್ಸ್ ಬಂದರೆ, ಕಾಮಾಲೆ ಬಹಳ ದಿನ ಉಳಿದರೆ, ಗಂಡುಮಗುವಿನ ಶಿಶ್ನ ತೀರಾ ಸಣ್ಣದಿದ್ದರೆ ಪಿಟ್ಯುಟರಿ ನೋಡಲೇಬೇಕು.

ಪಿಟ್ಯುಟರಿ ಗಡ್ಡೆ ಎಂದರೆ ಕ್ಯಾನ್ಸರ್ ಅಲ್ಲವೇ?

ಬಹುಪಾಲು ಅಲ್ಲ. ಸಾವಿನ ನಂತರದ ಪರೀಕ್ಷೆಗಳಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಬದುಕಿರುವಾಗ ತೊಂದರೆಯನ್ನೇ ಕೊಡದ ಸಣ್ಣ ಗಡ್ಡೆ ಕಾಣಸಿಗುತ್ತದೆ. ತೊಂದರೆ ಕೊಡುವವು ಎರಡು ರೀತಿಯಲ್ಲಿ ಕೊಡುತ್ತವೆ.

ಒಂದು, ಹಾರ್ಮೋನು ಹೆಚ್ಚು ಸ್ರವಿಸಿ. ಪ್ರೊಲ್ಯಾಕ್ಟಿನ್ ಗಡ್ಡೆಯಾದರೆ ಬಸಿರಿಲ್ಲದೆ ಎದೆಹಾಲು, ಮುಟ್ಟು ನಿಲ್ಲುವುದು. ಇದಕ್ಕೆ ಸಾಮಾನ್ಯವಾಗಿ ಕ್ಯಾಬರ್ಗೋಲಿನ್ ಮಾತ್ರೆಯೇ ಸಾಕು, ಶಸ್ತ್ರಚಿಕಿತ್ಸೆ ಬೇಕಿಲ್ಲ. ಆದರೆ ಅದಕ್ಕೆ ಮೊದಲು ಗರ್ಭ, ಥೈರಾಯ್ಡ್ ಕೊರತೆ, ವಾಂತಿಗೆ ಮತ್ತು ಮನೋರೋಗಕ್ಕೆ ಕೊಡುವ ಕೆಲವು ಮಾತ್ರೆಗಳ ಪರಿಣಾಮ ಅಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಬೆಳವಣಿಗೆಯ ಹಾರ್ಮೋನು ಹೆಚ್ಚಾದರೆ ದೊಡ್ಡವರಲ್ಲಿ ಉಂಗುರ ಬಿಗಿಯಾಗುತ್ತದೆ, ಚಪ್ಪಲಿಯ ಅಳತೆ ಏರುತ್ತದೆ, ದವಡೆ ಮುಂಚಾಚಿ ಹಲ್ಲುಗಳ ನಡುವೆ ಸಂದು ಬೀಳುತ್ತದೆ. ನಿಧಾನವಾಗಿ ಆಗುವುದರಿಂದ ಮನೆಯವರಿಗೆ ತಿಳಿಯುವುದಿಲ್ಲ. ಹಳೆಯ ಮತದಾರರ ಚೀಟಿಯ ಭಾವಚಿತ್ರ ಪಕ್ಕದಲ್ಲಿಟ್ಟರೆ ತಿಳಿಯುತ್ತದೆ. 1886ರಲ್ಲಿ ಫ್ರೆಂಚ್ ವೈದ್ಯ ಪಿಯರ್ ಮಾರಿ ಈ ಕಾಯಿಲೆಗೆ ಅಕ್ರೋಮೆಗಲಿ ಎಂಬ ಹೆಸರು ಕೊಟ್ಟರು.

ಎರಡು, ಒತ್ತಿ. ಗಡ್ಡೆ ಮೇಲಕ್ಕೆ ಬೆಳೆದರೆ ಕಣ್ಣಿನ ನರಗಳು ಕೂಡುವ ಜಾಗವನ್ನು ಒತ್ತುತ್ತದೆ. ಎರಡೂ ಕಣ್ಣುಗಳ ಹೊರಬದಿಯ ನೋಟ ಹೋಗುತ್ತದೆ. ಬೈಕ್ ಓಡಿಸುವಾಗ ಪಕ್ಕದಿಂದ ಬಂದ ವಾಹನ ಕಾಣುವುದಿಲ್ಲ, ಬಾಗಿಲ ಅಂಚಿಗೆ ಭುಜ ತಾಗುತ್ತದೆ. ಕನ್ನಡಕ ಬದಲಿಸಿದರೂ ಸರಿಹೋಗುವುದಿಲ್ಲ. ಇದ್ದಕ್ಕಿದ್ದಂತೆ ತಲೆ ಸಿಡಿಯುವ ನೋವು, ವಾಂತಿ, ಎರಡೆರಡು ಕಾಣುವುದು ಒಟ್ಟಿಗೆ ಬಂದರೆ ಗಡ್ಡೆಯೊಳಗೆ ರಕ್ತಸ್ರಾವವಾಗಿರಬಹುದು, ಅದು ತುರ್ತು.

ಮೂಗಿನ ಮೂಲಕ ಶಸ್ತ್ರಚಿಕಿತ್ಸೆ ಎಂದರೆ ಹೆದರುವ ಅಗತ್ಯವಿಲ್ಲ. ಗ್ರಂಥಿಯ ಕೆಳಗೆ ಟೊಳ್ಳು ಜಾಗವಿದೆ ಎಂದೆನಲ್ಲ, ಅದೇ ದಾರಿ. 1907ರಲ್ಲಿ ಆಸ್ಟ್ರಿಯಾದ ಹರ್ಮನ್ ಶ್ಲೋಫರ್ ಈ ದಾರಿಯಲ್ಲಿ ಮೊದಲು ಗಡ್ಡೆ ತೆಗೆದರು. ಈಗ ಎಂಡೋಸ್ಕೋಪ್ ಬಳಸುತ್ತಾರೆ. ತಲೆಬುರುಡೆ ತೆರೆಯಬೇಕಾಗುವುದು ಅಪರೂಪ.

ಎಷ್ಟು ನೀರು ಕುಡಿದರೂ ದಾಹ, ಆದರೆ ಸಕ್ಕರೆ ಸರಿಯಿದೆ. ಇದೂ ಪಿಟ್ಯುಟರಿಯೇ?

ಇರಬಹುದು. ವ್ಯಾಸೊಪ್ರೆಸಿನ್ ಇಲ್ಲದಿದ್ದರೆ ದಿನಕ್ಕೆ ಮೂರು ಲೀಟರಿಗಿಂತ ಹೆಚ್ಚು ತಿಳಿಮೂತ್ರ ಹೋಗುತ್ತದೆ. ಡೆಸ್ಮೊಪ್ರೆಸಿನ್ ಎಂಬ ಔಷಧದಿಂದ ಹತೋಟಿಗೆ ಬರುತ್ತದೆ. ಇಂಥವರಿಗೆ ನೀರು ಕುಡಿಯಬೇಡ ಎಂದು ತಡೆಯುವುದು ಅಪಾಯ.

ಆಜ್ಞಾ ಚಕ್ರ ಎಂದರೆ ಇದೇ ಗ್ರಂಥಿಯೇ?

ಯೋಗಶಾಸ್ತ್ರದ ಚಕ್ರಗಳು ಧ್ಯಾನದ ಸ್ಥಾನಗಳು. ಅಂಗರಚನೆಯ ಅಂಗಗಳೊಂದಿಗೆ ಒಂದಕ್ಕೊಂದು ಹೊಂದಿಸುವುದು ಬೇಡ. ಎರಡಕ್ಕೂ ಅವುಗಳದೇ ಮರ್ಯಾದೆಯಿದೆ.

ಮೀನಿಗೆ, ರೇಷ್ಮೆ ಹುಳುವಿಗೆ ಪಿಟ್ಯುಟರಿ ಇದೆಯೇ?

ಮೀನಿಗೆ ಇದೆ, ಬೆನ್ನೆಲುಬಿರುವ ಎಲ್ಲ ಪ್ರಾಣಿಗಳಿಗೂ ಇದೆ. ನಮ್ಮ ಕೆರೆಗಳಲ್ಲಿ ಸಾಕುವ ಕಾಟ್ಲಾ, ರೋಹು ಮೀನುಗಳ ಮರಿ ಈ ಗ್ರಂಥಿಯ ದಯೆಯಿಂದಲೇ ಸಿಗುತ್ತಿದೆ ಎನ್ನಬೇಕು. ಈ ಮೀನುಗಳು ಮಳೆಗಾಲದ ಹರಿವ ನದಿಯಲ್ಲಿ ಮೊಟ್ಟೆಯಿಡುತ್ತವೆ, ನಿಂತ ನೀರಿನಲ್ಲಿ ಇಡುವುದಿಲ್ಲ. ವರ್ಷವಿಡೀ ಹರಿಯುವ ನದಿಯೇ ಇಲ್ಲದ ಕೋಲಾರಕ್ಕೆ ಮರಿ ಎಲ್ಲಿಂದ ಬರಬೇಕು? 1957ರ ಜುಲೈ 10ರಂದು ಒಡಿಶಾದಲ್ಲಿ ವಿಜ್ಞಾನಿಗಳಾದ ಹೀರಾಲಾಲ್ ಚೌಧುರಿ ಮತ್ತು ಕೆ.ಎಚ್. ಅಲಿಕುನ್ಹಿ ಪಿಟ್ಯುಟರಿಯ ಸಾರ ಚುಚ್ಚಿ ಈ ಜಾತಿಯ ಮೀನುಗಳಿಂದ ಮೊಟ್ಟೆ ಇಡಿಸುವುದರಲ್ಲಿ ಯಶಸ್ವಿಯಾದರು. ಬಲಿತ ಮೀನಿನ ತಲೆಬುರುಡೆಯ ಮೇಲ್ಭಾಗ ತೆಗೆದು, ಗ್ರಂಥಿಯನ್ನು ಎತ್ತಿ ಆಲ್ಕೋಹಾಲಿನಲ್ಲಿಟ್ಟು, ಬೇಕಾದಾಗ ಅರೆದು ಸಾರ ತೆಗೆಯುತ್ತಿದ್ದರು. ಹೆಣ್ಣಿಗೆ ಸುಮಾರು ಆರು ಗಂಟೆಗಳ ಅಂತರದಲ್ಲಿ ಎರಡು ಬಾರಿ, ಗಂಡಿಗೆ ಒಮ್ಮೆ. ಜುಲೈ 10 ಈಗ ರಾಷ್ಟ್ರೀಯ ಮೀನು ಕೃಷಿಕರ ದಿನ. ಇಂದು ಗ್ರಂಥಿಯ ಬದಲು ಕೃತಕ ಹಾರ್ಮೋನು ಹೆಚ್ಚು ಬಳಕೆಯಲ್ಲಿದೆ.

ರೇಷ್ಮೆ ಹುಳುವಿಗೆ ಪಿಟ್ಯುಟರಿ ಇಲ್ಲ. ಆದರೆ ಅದರ ಮಿದುಳೂ ನರಕೋಶಗಳಿಂದ ಹಾರ್ಮೋನು ಸ್ರವಿಸಿ, ಮಿದುಳಿಗೆ ಹೊಂದಿಕೊಂಡ ಪುಟ್ಟ ಅಂಗದ ಮೂಲಕ ಹೊರಬಿಟ್ಟು, ಎದೆಯ ಗ್ರಂಥಿಯನ್ನು ಪ್ರಚೋದಿಸುತ್ತದೆ. ಹುಳು ಪೊರೆ ಬಿಡಲು ಜ್ವರಕ್ಕೆ ಕೂರುವುದೂ, ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆ ಏರುವುದೂ ಆ ಹಾರ್ಮೋನುಗಳ ಲೆಕ್ಕದಿಂದ. ಅವುಗಳಲ್ಲಿ ಪೊರೆ ಬಿಡಿಸುವ ಎಕ್ಡೈಸೋನ್ ಎಂಬ ಹಾರ್ಮೋನನ್ನು 1954ರಲ್ಲಿ ಬುಟೆನಾಂಟ್ ಮತ್ತು ಕಾರ್ಲ್‌ಸನ್ ಬೇರ್ಪಡಿಸಿದ್ದು 500 ಕಿಲೋ ರೇಷ್ಮೆ ಪ್ಯೂಪಾಗಳಿಂದ. ಸಿಕ್ಕಿದ್ದು 25 ಮಿಲಿಗ್ರಾಂ. ಶಿಡ್ಲಘಟ್ಟದ ವಿದ್ಯಾರ್ಥಿಗಳಿಗೆ ಇದನ್ನು ಹೇಳಿದಾಗ ಅವರ ಕಣ್ಣು ಅರಳುವುದನ್ನು ನೋಡಬೇಕು.

ಅನುಮಾನ ಬಂದರೆ ಕೋಲಾರದವರು ಎಲ್ಲಿಗೆ ಹೋಗಬೇಕು? ಏನು ಒಯ್ಯಬೇಕು?

ಮೊದಲು ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ ಅಥವಾ ಟಮಕದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಫಿಜಿಷಿಯನ್‌ಗೆ ತೋರಿಸಿ. ಅಗತ್ಯವಿದ್ದರೆ ಅವರು ಹಾರ್ಮೋನು ತಜ್ಞರಿಗೆ ಅಥವಾ ಬೆಂಗಳೂರಿನ ನಿಮ್ಹಾನ್ಸ್‌ನ ನರಶಸ್ತ್ರಚಿಕಿತ್ಸಾ ವಿಭಾಗಕ್ಕೆ ಕಳುಹಿಸುತ್ತಾರೆ. ಹೆರಿಗೆಯ ಅಥವಾ ಹಾವು ಕಡಿತದ ಹಳೆಯ ಡಿಸ್ಚಾರ್ಜ್ ಚೀಟಿ, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಹಾಳೆ, ಕೆಲವು ವರ್ಷ ಹಿಂದಿನ ಭಾವಚಿತ್ರ, ಮಕ್ಕಳಾದರೆ ಎತ್ತರ ಬರೆದಿಟ್ಟ ಲೆಕ್ಕ ಒಯ್ಯಿರಿ. ರಕ್ತ ಪರೀಕ್ಷೆಗೆ ಬೆಳಿಗ್ಗೆ ಎಂಟಕ್ಕೆ ತಲುಪುವಂತೆ ಹೊರಡಿ; ಕಾರ್ಟಿಸಾಲ್ ಮಧ್ಯಾಹ್ನಕ್ಕೆ ತಾನಾಗಿಯೇ ಇಳಿದಿರುತ್ತದೆ.

ಕಾರ್ಟಿಸಾಲ್ ಮಾತ್ರೆ ಆರಂಭವಾದವರು ಅದನ್ನು ಒಂದು ದಿನವೂ ಬಿಡಬಾರದು. ಜ್ವರ ಬಂದರೆ ಪ್ರಮಾಣ ಹೆಚ್ಚಿಸಬೇಕಾಗುತ್ತದೆ, ಎಷ್ಟು ಎಂಬುದನ್ನು ಮೊದಲೇ ಕೇಳಿ ಬರೆದುಕೊಳ್ಳಿ. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ಬೇಕು. ಆದ್ದರಿಂದ "ಪಿಟ್ಯುಟರಿ ಕೊರತೆ ಇದೆ, ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದೇನೆ" ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದ ಚೀಟಿಯನ್ನು ಆಧಾರ್ ಕಾರ್ಡಿನ ಜೊತೆ ಸದಾ ಇಟ್ಟುಕೊಂಡಿರಿ, ಮನೆಯವರಿಗೂ ತೋರಿಸಿಟ್ಟಿರಿ.